ಹೆಬ್ಬೆರಳು ತೋರಿದ ಕಡೆ

ಗ್ಯುಮ್ರಿಯಿಂದ ಬಂದು ಬಸ್ಸಿಳಿದವಳೇ
ಮೊಮ್ಮಗಳು ನ್ವಾರ್ದ್ ಕೇಳಿದಳು:
"ಅಜ್ಜ, ಈ ಗೋಡೆ ಯಾವ ಕಡೆ ನೋಡುತ್ತದೆ?"
ದಕ್ಷಿಣಕ್ಕೆ, ಅಂದೆ.
ನಲವತ್ತು ವರ್ಷ ಉಳಿ ಹಿಡಿದ ಹ್ಮಾಯಾಕ್ ನಾನು,
ಗೋಡೆಯ ಮುಖ ನನಗೆ ತಿಳಿಯದೆ?
"ಸುಮಾರಾಗಿ ದಕ್ಷಿಣ," ಅಂದಳು.
ಆ ಸುಮಾರು, ಅನ್ನದ ಕಲ್ಲಿನ ಹಾಗೆ
ಮಧ್ಯಾಹ್ನದವರೆಗೂ ಹಲ್ಲಿಗೆ ಸಿಕ್ಕುತ್ತಿತ್ತು.

ಕಪ್ಪು ಟಫ್ ಕಲ್ಲಿನ ಇಗರ್ಜಿ ನಮ್ಮದು.
ಹೊರಗೋಡೆಯಲ್ಲೊಂದು ಬಿಸಿಲ ಗಡಿಯಾರ.
ಅಂಕಿಗೆ ಬದಲು ನಮ್ಮ ಅಕ್ಷರಗಳನ್ನೇ ಕೆತ್ತಿದ್ದಾನೆ
ಯಾವನೋ ಪುಣ್ಯಾತ್ಮ, ತನ್ನ ಹೆಸರೊಂದು ಬಿಟ್ಟು.
ಆ ಡಿಸೆಂಬರಿನಲ್ಲಿ ನೆಲ ಮಗ್ಗುಲು ಬದಲಿಸಿದಾಗ
ಗೋಡೆ ಬೀಳಲಿಲ್ಲ; ಉಂಡಮೇಲೆ
ಕುರ್ಚಿಗೆ ಒರಗುವವರಂತೆ ಹಿಂದಕ್ಕೆ ಒರಗಿತು.
ಗಡಿಯಾರದ ಮುಳ್ಳು ಕಿತ್ತು ಬಿತ್ತು.
ಯಾರೋ ಅದನ್ನು ಅಂದಾಜಿನಲ್ಲಿ ಸಿಕ್ಕಿಸಿದರು.
ಅಂದಿನಿಂದ ಅದು ಹೇಳುವುದೆಲ್ಲ ಸುಳ್ಳು.
ಸಿಕ್ಕಿಸಿದವನು ನಾನೇ.

ಅವಳು ಗೋಡೆಗೆ ದಾರವೊಂದು ಅಡ್ಡ ಹಿಡಿದಳು:
ಪೂರ್ವಕ್ಕೆ ಎರಡು ಗೇಣು, ಉತ್ತರಕ್ಕೆ ಒಂದು,
ಮೇಲಕ್ಕೆ ಏನೂ ಇಲ್ಲ.
ಇನ್ನೊಂದು ದಾರ ಉದ್ದಕ್ಕೆ:
ಪೂರ್ವಕ್ಕೆ ಏನೂ ಇಲ್ಲ, ಉತ್ತರಕ್ಕೆ ಒಂದು,
ಮೇಲಕ್ಕೆ ಎಂಟು.
ಆ ಒಂದು ಗೇಣು, ಗೋಡೆ ಒರಗಿದ ಗೇಣು.
"ಇವೆರಡೂ ಗೋಡೆಯೊಳಗೇ ಮಲಗಿವೆ, ಅಜ್ಜ.
ಎರಡಕ್ಕೂ ಲಂಬವಾಗಿ ಎದ್ದು ನಿಲ್ಲುವುದು ಬೇಕು,
ಅಡ್ಡ ಗುಣಾಕಾರ ಮಾಡಬೇಕು."

ಅವಳ ಬಲಗೈಯಲ್ಲಿ ಸೀಮೆಸುಣ್ಣ.
ನನ್ನ ಬಲಗೈ ಎಳೆದುಕೊಂಡಳು:
"ಬೆರಳು ಮೊದಲ ದಾರದ ಉದ್ದಕ್ಕೆ ಚಾಚು,
ಎರಡನೆಯದರ ಕಡೆಗೆ ಮಡಿಸು,
ಹೆಬ್ಬೆರಳು ಯಾವ ಕಡೆ..."
ಅಷ್ಟಕ್ಕೆ ನಿಲ್ಲಿಸಿದಳು.
ನನ್ನ ಹೆಬ್ಬೆರಳಲ್ಲಿ ಉಳಿದಿರುವುದು ಅರ್ಧ.
ಮಿಕ್ಕರ್ಧ ಶಾಲೆಯ ಕಲ್ಲುಗಳಡಿಯಲ್ಲಿದೆ,
ಆ ಡಿಸೆಂಬರಿನಿಂದ.
ಅವಳಿಗೆ ಅದು ಗೊತ್ತಿತ್ತು, ಗೊತ್ತಿದ್ದೂ ಮರೆತಿದ್ದಳು.
"ಅರ್ಧ ಸಾಕೆ?" ಕೇಳಿದೆ.
ಸೀಮೆಸುಣ್ಣ ನೋಡುತ್ತ ಅಂದಳು,
"ದಿಕ್ಕಿಗೆ ಉದ್ದ ಬೇಡ."

ನೆಲದ ಮೇಲೆ ಬರೆದಳು. ಸೊನ್ನೆಗಳು ಉದುರಿದವು.
ಎಂಟು. ಮೈನಸ್ ಹದಿನಾರು. ಎರಡು.
ಅದರ ಉದ್ದ ಹದಿನೆಂಟು; ಅದರಿಂದಲೇ ಭಾಗಿಸಿದಳು.
ಒಂಬತ್ತರಲ್ಲಿ ನಾಲ್ಕು ಪೂರ್ವಕ್ಕೆ,
ಒಂಬತ್ತರಲ್ಲಿ ಎಂಟು ದಕ್ಷಿಣಕ್ಕೆ,
ಒಂಬತ್ತರಲ್ಲಿ ಒಂದು, ಆಕಾಶಕ್ಕೆ.
"ಇವು ಗೋಡೆಯ ಕೊಸೈನ್‌ಗಳು.
ಒಂದೊಂದರ ವರ್ಗ ತೆಗೆದು ಕೂಡಿಸು,
ಒಂದು ಬರದಿದ್ದರೆ ನನ್ನ ಕಿವಿ ಹಿಂಡು."
ಹದಿನಾರು, ಅರುವತ್ತನಾಲ್ಕು, ಒಂದು: ಎಂಬತ್ತೊಂದು.
ಎಂಬತ್ತೊಂದರಲ್ಲಿ ಎಂಬತ್ತೊಂದು.
ಕಿವಿ ಉಳಿಯಿತು.

ನೆಟ್ಟಗಿದ್ದ ಕಾಲದಲ್ಲಿ ಈ ಗೋಡೆಗೆ
ಆಕಾಶದ ಪಾಲು ಸೊನ್ನೆಯಾಗಿತ್ತು.

"ದಾರಗಳನ್ನು ಅದಲು ಬದಲು ಮಾಡಿದರೆ?" ಕೇಳಿದೆ,
ಸುಮ್ಮನೆ, ಕೆಣಕಲು.
"ಚಿಹ್ನೆಗಳೆಲ್ಲ ತಿರುವುಮುರುವು.
ಹೆಬ್ಬೆರಳು ಗೋಡೆಯೊಳಗೆ ಹೋಗುತ್ತದೆ."
ಗೋಡೆಯೊಳಗೆ, ಕತ್ತಲಲ್ಲಿ, ಮರಳಿನ ತಟ್ಟೆಯಲ್ಲಿ
ಹೆರಿಕ್ನಾಜಳ ಹೆಸರಿನ ಮೇಣದ ಬತ್ತಿ ಇದೆ,
ಬೆಳಿಗ್ಗೆ ನಾನು ಹಚ್ಚಿದ್ದು.
ಅದೂ ಲಂಬವೇ, ಅಂದೆ.
"ಅದೂ ಲಂಬವೇ," ಅಂದಳು ನ್ವಾರ್ದ್,
"ಆದರೆ ಬಿಸಿಲು ಈ ಕಡೆ."

ಧ್ರುವದ ದಿಕ್ಕನ್ನೂ ಗೋಡೆಯ ದಿಕ್ಕನ್ನೂ ತಾಳೆ ನೋಡಿ
ಮುಳ್ಳು ಗೋಡೆಗೆ ಮೂವತ್ತೇಳು ಡಿಗ್ರಿ ಅಂದಳು.
ನಾನು ತೂತು ಕೊರೆದೆ, ಸೀಸ ಕರಗಿಸಿ ಹೊಯ್ದೆ.
ಗಂಟೆಯ ಗೆರೆಗಳನ್ನು ಹೊಸದಾಗಿ ಗೀಚಿದಳು.
ಹಳೆಯವನ್ನು ಉಜ್ಜಲು ನಾನು ಬಿಡಲಿಲ್ಲ;
ಅವು ನೆಟ್ಟಗಿದ್ದ ಗೋಡೆಯವು.

ಅಂಚೆ ಕಚೇರಿಯ ಮೆಲಾನ್ಯಾ ಬಂದು ನೋಡಿ ನಕ್ಕಳು:
"ಒಂದು ಗಂಟೆ ಹಿಂದಿದೆಯಲ್ಲ, ಹ್ಮಾಯಾಕ್!"
ಅದು ಸರ್ಕಾರದ ಗಂಟೆಯ ತಪ್ಪು, ಅಂದೆ,
ಗೋಡೆಯದಲ್ಲ.
ಯಾವ ಕಡೆ ನೋಡುತ್ತಿದೆ ಅಂತ ಗೋಡೆಗೆ ಗೊತ್ತಿದೆ,
ಒಂಬತ್ತರಲ್ಲಿ ನಾಲ್ಕು, ಎಂಟು...
ಮೂರನೆಯದು ಬಾಯಿಗೆ ಬರಲಿಲ್ಲ.
ಬೆರಳು ಮಡಿಸಿ ತೋರಿಸಿದೆ.