ಎರಡು ಬೆರಳು ಸಂದಿ

ಟ್ಯಾಂಕರಿನ ಹಾರ್ನ್ ಕೇಳಿದರೆ
ಕೊಡ ಹಿಡಿದು ಓಡುವ ಓಣಿ ನಮ್ಮದು.
"ದುರ್ಗದಾಗೆ ಬೂಷ್ಟಾ?" ಅಂತ ನಕ್ಕಳು
ಸ್ಟಾಫ್ ರೂಮಿನಲ್ಲಿ ಗಣಿತದ ನಾಗವೇಣಿ.
ನಗಲಿ.
ನಮ್ಮನೆ ಹಿಂಗೋಡೆ ಗೋಡೆಯಲ್ಲ, ಬಂಡೆ.
ಸ್ವಾತಿ ಮಳೆ ನಾಲ್ಕು ದಿನ ಹುಯ್ದು ಹೋದರೆ
ಮೇಲೆಲ್ಲೋ ಕುಡಿದದ್ದನ್ನು ಅದು
ಹದಿನೈದು ದಿನ ಬಿಟ್ಟು, ಯಾರಿಗೂ ಹೇಳದೆ,
ಅತ್ತೆಯ ಬೀರುವಿನ ಬೆನ್ನಿಗೆ ಬೆವರುತ್ತದೆ.

ಮೊದಲು ಬಂದದ್ದು ವಾಸನೆ,
ನೆನೆದ ಗೋಣಿಚೀಲದ್ದು.
"ಇಲಿ ಸತ್ತಿರಬೇಕು" ಅಂದರು ಅತ್ತೆ ತಿಪ್ಪಮ್ಮ
ಸೊಂಟದ ಬೀಗದಕೈ ಮುಟ್ಟಿ ನೋಡಿಕೊಂಡು.
ಇಲಿ ಎಲ್ಲಿ ಬೇಕಾದರೂ ಸಾಯಲಿ,
ಬೀರು ತೆರೆಯುವ ಹಾಗಿಲ್ಲ.

ಕಾಳಾಚಾರಿ ಬಂದ. ಬಾಗಿಲ ಅಂಚಿಗೆ ಮೂಗು ಹಿಡಿದ,
ಗೆಣ್ಣಿನಿಂದ ತಟ್ಟಿದ, ಡಾಕ್ಟರು ಎದೆ ತಟ್ಟುವ ಹಾಗೆ.
"ಬಂಡೆಗೇ ಆನಿಸಿಬಿಟ್ಟೀರಿ.
ಎರಡು ಬೆರಳು ಸಂದಿ ಬಿಡ್ರಿ ತಾಯಿ,
ಗಾಳಿಗೂ ಓಡಾಡಕ್ಕೆ ಜಾಗ ಬ್ಯಾಡ್ವೇ?
ಕಾಲಿಗೆ ಇಟ್ಟಿಗೆ ಕೊಡ್ರಿ.
ದಿನಾ ಒಂದು ತಾಸು ತೆರೆದಿಡ್ರಿ."
"ದಿನಾ ತೆರೆಯದಾದ್ರೆ ಬೀಗ ಯಾತಕ್ಕೋ?"
ಆತ ಕಿವಿಯ ಪೆನ್ಸಿಲ್ ತೆಗೆದು
ನೆಲದ ಮೇಲೊಂದು ಗೆರೆ ಎಳೆದ. ಅಷ್ಟೇ ಉತ್ತರ.

ಹನ್ನೊಂದು ಜನರ ಮನೆಗೆ ಬಂದ ಸೊಸೆ.
ಒಲೆ ತನ್ನದಲ್ಲ, ಕೋಣೆಗೂ ಸರದಿ.
ತನ್ನದು ಅಂತ ಇದ್ದದ್ದು ಈ ಎರಡು ಬಾಗಿಲು.
ಕೊನೆಯ ಮಾತು ಅವರು ಹೇಳಿದ್ದಲ್ಲ,
ಬೀಗ ತೆಗೆವಾಗ ಕೈ ನೋಡಿ
ನಾನೇ ಸೇರಿಸಿಕೊಂಡದ್ದು.

ಒಳಗೆ, ಮೊಳಕಾಲ್ಮೂರು ರೇಷ್ಮೆಯ ಮಡಿಕೆ ಮಡಿಕೆಗೂ
ಬೂದಿ ಬಣ್ಣದ ಚುಕ್ಕಿ.
ಮಾವನ ಫೋಟೊಗೆ ಬಿಳೀ ಗಡ್ಡ.
ನಾನು ಉಸಿರು ಹಿಡಿದೆ.
ಅತ್ತೆ ತುಸು ದೂರ ಹಿಡಿದು ನೋಡಿ
"ಇದೇ ಚೆನ್ನಾಗಿ ಕಾಣ್ತೈತೆ" ಅಂದರು.

ಒರೆಸಿದೆವು, ನೆರಳಲ್ಲಿ ಹರವಿದೆವು.
ಬೀರು ಎಳೆದು ನಿಲ್ಲಿಸಿದ ಮೇಲೆ ಅತ್ತೆ
ತಮ್ಮವೇ ಎರಡು ಬೆರಳು ತೂರಿಸಿ ಅಳೆದರು.
ನಾನು ಶಾಲೆಯಿಂದ ಮೋಟು ಸೀಮೆಸುಣ್ಣ ತಂದೆ,
ಹಿಡಿತಕ್ಕೆ ಸಿಗದೆ ಕಿಟಕಿಯಲ್ಲಿ ಬಿದ್ದಿದ್ದವು.
ಹಳೇ ಪಂಚೆ ಹರಿದು ಗಂಟು ಕಟ್ಟಿ ಮೂಲೆ ಮೂಲೆಗಿಟ್ಟೆ.
ಅಕ್ಷರವಾಗದೆ ಉಳಿದದ್ದು ಈಗ ನೀರು ಕುಡಿಯುತ್ತದೆ.
ಭಾನುವಾರಕ್ಕೊಮ್ಮೆ ಮಾಳಿಗೆಯ ಬಿಸಿಲಿಗೆ ಕಾರಿಕೊಳ್ಳುತ್ತದೆ.

ಈಗ ಮಧ್ಯಾಹ್ನ ಮೂರಕ್ಕೆ ಬೀರು ತೆರೆಯುತ್ತದೆ.
ಎದುರಿಗೆ ಚಾಪೆ ಹಾಸಿ ಅತ್ತೆ ಕಾವಲು ಕೂರುತ್ತಾರೆ,
ಬಂದ ಗಾಳಿ ಏನಾದರೂ ಎತ್ತಿಕೊಂಡು ಹೋದೀತೆಂದು.
ನಾಲ್ಕಕ್ಕೆ ಮತ್ತೆ ಬೀಗ.

ಮೊನ್ನೆ ಶನಿವಾರ, ಬೆಳಗಿನ ಶಾಲೆ,
ಅವಸರದಲ್ಲಿ ಅದೇ ಗಂಟಿನ ತುಂಡೊಂದು
ನನ್ನ ಬ್ಯಾಗು ಸೇರಿತ್ತು.
ಆರನೇ ಕ್ಲಾಸಿನ ಕರಿಹಲಗೆಗೆ ದಿನಾಂಕ ಬರೆದೆ.
ಬರೀ ಒದ್ದೆ ಗೆರೆ.
"ಮಿಸ್, ಮೂಡ್ಲೇ ಇಲ್ಲ" ಅಂದ ಮುಂದಿನ ಬೆಂಚಿನವ.
ತಡಿಯೋ, ಅಂದೆ.
ಜೋಗಿಮಟ್ಟಿ ಕಡೆಯ ಕಿಟಕಿ ತೆರೆದಿತ್ತು.
ಒಂದೊಂದೇ ಅಂಕಿ
ಆರುತ್ತ
ಬೆಳ್ಳಗಾಗುತ್ತ ಬಂತು.