ಪೂರ್ತಿ ಹಿಡಿ

ಮೊದಲ ವರ್ಷ ಓಯರ್ಸೂನ್ ಮೇಡಂ ಕೇಳಿದ್ದರು:
ಶುಶ್ರೂಷೆಯೆಂದರೆ ನಿನಗೇನು, ಒಂದು ಪುಟ ಬರೆ.
ಬರೆದೆ. ಹತ್ತೊಂಬತ್ತರ ಕೈ, ಹಸಿರು ಶಾಯಿ.
ಕರುಣೆ ಮೂರು ಸಲ, ಬೆಳಕು ಐದು ಸಲ,
ಮಾನವತೆಯ ಕೆಳಗೊಂದು ಗೆರೆ ಬೇರೆ.
ಪುಟ ಮರಳಿ ಬಂತು. ಅಂಕವಿಲ್ಲ.
ಅಂಚಿನಲ್ಲಿ ಪೆನ್ಸಿಲಿನ ಒಂದೇ ಪ್ರಶ್ನೆ:
'ಯಾಸ್ನಾ, ಇದರಲ್ಲಿ ಹಾಸಿಗೆ ಎಲ್ಲಿದೆ?'

ಸಿಟ್ಟು ಬಂತು.
ಪುಂಟಾ ಅರೆನಾಸಿನಲ್ಲಿ ಸಿಟ್ಟು ಹೆಚ್ಚು ಹೊತ್ತು ನಿಲ್ಲದು,
ಟೋಪಿಯ ಹಾಗೆ ಗಾಳಿಗೆ ಹಾರಿಹೋಗುತ್ತದೆ
ಜಲಸಂಧಿಯ ಕಡೆಗೆ.

ಎರಡನೆಯ ವರ್ಷ ಹಾಸಿಗೆ ಸಿಕ್ಕಿತು, ಹನ್ನೊಂದನೆಯದು.
ದೋನ್ ಎಲೆಉತೇರಿಯೊ, ಎಂಬತ್ತೊಂದು,
ಐವತ್ತು ಬೇಸಿಗೆ ಕುರಿಗಳ ಉಣ್ಣೆ ಕತ್ತರಿಸಿದವ;
ಉಣ್ಣೆಯ ಜಿಡ್ಡು ಕುಡಿದು ಕುಡಿದು
ಅಂಗೈ ಇನ್ನೂ ಕೂಸಿನ ಕೆನ್ನೆ.
ಎಡಭಾಗ ಮಾತ್ರ
ಯಾರೋ ಬಸ್ಸಿನಲ್ಲಿ ಮರೆತುಹೋದ ಸಾಮಾನು.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು.
ನೋಯಬಾರದೆಂದು ಬೆರಳತುದಿಯಲ್ಲಿ ಮುಟ್ಟಿದೆ,
ಕ್ಷಮಿಸಿ ಕ್ಷಮಿಸಿ ಎನ್ನುತ್ತ ಅಷ್ಟಷ್ಟೇ ಎಳೆದೆ.
ಮುದುಕ ಬಲಗೈ ಬೀಸಿದ. ಕನ್ನಡಕ ಹೋಯಿತು.
ನನ್ನ ಕರುಣೆಯೂ ಅದರ ಹಿಂದೆಯೇ
ಮಂಚದ ಕೆಳಗೆ ಹೋಯಿತು, ಸ್ವಲ್ಪ ಹೊತ್ತು.

ಆಮೇಲೆ ಹೇಳಿದ, ಸೊಟ್ಟ ಬಾಯಲ್ಲಿ, ನಿಧಾನ:
'ಹುಡುಗಿ, ಅರ್ಧ ಹಿಡಿದ ಕುರಿ ಒದೆಯುತ್ತದೆ.
ಪೂರ್ತಿ ಹಿಡಿ. ಬೆನ್ನು ನಿನ್ನ ಮೊಣಕಾಲಿಗೆ ಬರಲಿ,
ಅದರ ಕಾಲಿಗೆ ನೆಲ ಹುಡುಕುವ ಕೆಲಸ ಉಳಿಯದಿರಲಿ.
ಆಗ ನೋಡು, ಕತ್ತರಿಯ ಕೆಳಗೂ ತೂಕಡಿಸುತ್ತದೆ.'

ಮಂಚಕ್ಕೆ ಮಂಡಿಯೂರಿದೆ, ಭುಜದಡಿಗೆ ತೋಳು ತೂರಿಸಿದೆ,
ಪೂರ್ತಿ ಹಿಡಿದೆ.
ಒಂದೇ ಹೊರಳು. ಕತ್ತಿಗೆ ತಾಗಿತು ಅವನ ಕಹಿ ಉಸಿರು.
ಹಿಮ್ಮಡಿಯಲ್ಲಿ ನಾಣ್ಯದಗಲ ಕೆಂಪು,
ಒತ್ತಿದರೂ ಬೆಳ್ಳಗಾಗದ ಕೆಂಪು.
ಪಟ್ಟಿಯಲ್ಲಿ ಬರೆದೆ, ನೀಲಿಯಲ್ಲಿ.
ಹಸಿರು ಪೆನ್ನು ಅಷ್ಟರಲ್ಲಿ ಎಲ್ಲೋ ಕಳೆದಿತ್ತು.

ಇನ್ನು ಕಲಿತಾಯಿತು ಎಂದುಕೊಂಡೆ. ಆಗಿರಲಿಲ್ಲ.
ಜುಲೈ, ಹತ್ತಕ್ಕೆ ಹಗಲಾಗುವ ತಿಂಗಳು.
ಹೆರಿಗೆ ವಾರ್ಡಿನಲ್ಲಿ ನೇರಿ ಬಾರಿಯಾ ಎಂಬಾಕೆ
'ಕೂಸು ಆಡ್ತಿಲ್ಲ' ಅಂದಳು.
'ಏನೂ ಆಗಲ್ಲ ಬಿಡಿ' ಅಂದೆ,
ಅಷ್ಟರಲ್ಲಿ ನನಗೆ ರೂಢಿಯಾಗಿದ್ದ ಮೃದು ದನಿಯಲ್ಲಿ.
ಆಗಿತ್ತು.

ತೊಳೆದು, ಒರೆಸಿ, ತಂದುಕೊಟ್ಟೆ.
ತಲೆಗೆ ಹಳದಿ ಟೋಪಿ, ಅವಳೇ ಹೆಣೆದದ್ದು, ತುಸು ದೊಡ್ಡದು.
ಬೈಯಲಿಲ್ಲ ಅವಳು. ಕೂಸಿನ ಬೆರಳು ಎಣಿಸುತ್ತಿದ್ದಳು,
ಎಣಿಸಿ ಮುಗಿಸಿ ಮತ್ತೆ ಮೊದಲಿನಿಂದ.
ಮುದುಕನ ಪಾಠ ಆ ಕೋಣೆಗೆ ಒದಗಲಿಲ್ಲ.
ನಾನೂ ಜೊತೆಗೆ ಎಣಿಸಿದೆ.
ಹತ್ತು. ಮತ್ತೆ ಹತ್ತು.

ಈಗ ನವೆಂಬರ್. ನಾಳೆ ಕೊನೆಯ ವರ್ಷದ ಪುಟ ಕೊಡಬೇಕು.
'ಕೇಳಿಸಿಕೊಳ್ಳಬೇಕು' ಎಂದು ಬರೆದು ಹೊಡೆದುಹಾಕಿದೆ,
ಗೋಡೆಗೂ ಕೇಳಿಸುತ್ತದೆ.
'ಅಂಗೈ ಬೆಚ್ಚಗಿರಬೇಕು' ಎಂಬುದು ಉಳಿದಿದೆ.
ಹಿಮ್ಮಡಿ ಎರಡು ಸಲ ಬಂದಿದೆ. ಬೆಳಕು ಒಮ್ಮೆಯೂ ಇಲ್ಲ.
'ಏನೂ ಆಗಲ್ಲ' ಎಂಬ ಮಾತಿನ ಬಗ್ಗೆ ಬರೆಯಹೋದದ್ದು
ವಾಕ್ಯವಾಗಲಿಲ್ಲ. ಅಲ್ಲಿ ಅರ್ಧ ಪುಟ ಖಾಲಿ ಬಿಟ್ಟೆ.

ಪಾಳಿ ಮುಗಿಸಿ ಹೊರಬಂದರೆ ಬಿರುಗಾಳಿ.
ಚೌಕದ ತಿರುವಿನಲ್ಲಿ ಹಗ್ಗ ಕಟ್ಟಿದ್ದರು, ಜನ ಬೀಳದ ಹಾಗೆ.
ತಲೆ ತಗ್ಗಿಸಿ ಹಿಡಿದು ನಡೆದೆ.
ಹಿಂದೆ ಯಾರೋ ಹಿಡಿದರು;
ತಿರುಗಿ ನೋಡಲಾಗದು, ಗಾಳಿ ಅಂಥದು.
ಹಗ್ಗ ಮಾತ್ರ ಒಮ್ಮೆ ಜಗ್ಗಿ ಬಿಗಿಯಿತು
ಅವರ ತೂಕದಷ್ಟು.
ನಾನು ಹೆಜ್ಜೆ ನಿಧಾನ ಮಾಡಿದೆ.