ಮೇಲಿನಂತೆ

ಬ್ಯಾಡಗಿ. ಮೋಟೆಬೆನ್ನೂರ ರಸ್ತಾದ ಕೋಲ್ಡ್ ಸ್ಟೋರೇಜು,
ಮೂರನೇ ಅಂತಸ್ತು. ಉಸರು ಹೊಗಿಯಾಗಿ ಕಾಣೋ ಜಾಗಾ.
ಇಪ್ಪತ್ನಾಲ್ಕು ಕಂಬಕ್ಕ ಇಪ್ಪತ್ನಾಲ್ಕು ಡಬ್ಬಿ ಕಟ್ಟಿದಾಕಿ ನಾನು.
ಡಬ್ಬಿ ಅಂದ್ರ ಇಲ್ಲಿ ಮೆಣಸಿನಕಾಯಿ ಜಾತಿ,
ಅದಕ್ಕ ಹಮಾಲರು ನನ್ನವಕ್ಕ ಬ್ಯಾರೆ ಹೆಸರಿಟ್ರು: ಮಿಣುಕು.

ಒಂದೊಂದರ ಹೊಟ್ಯಾಗ ಎರಡೇ ಪೆನ್ಸಿಲ್ ಸೆಲ್ಲು.
ಥಂಡಿಗೆ ಅವೂ ಮುದುಡತಾವ.
ಅಳಿಯೂದಕ್ಕ ಚಿಟಿಕಿ ಖರ್ಚು,
ಅಳದದ್ದು ಹೇಳೂದಕ್ಕ ಚೀಲದ ಖರ್ಚು,
ಅದೂ ಆಳೆತ್ತರ ಚೀಲದ ನಿಟ್ಟು ದಾಟಿ ಕೇಳಬೇಕಂದ್ರ.

ಮೊದಲ ಸಲ ಆಸೆಬುರುಕಿ ನಾನು,
ನಿಮಿಷಕ್ಕೊಮ್ಮೆ ಹೇಳ್ರಿ ಅಂದೆ.
ಹೇಳಿದುವು. ನಾಕು ಪಾಯಿಂಟ್ ಎರಡು, ನಾಕು ಪಾಯಿಂಟ್ ಎರಡು,
ಮದುವಿ ಮನಿ ಬೀಗರಂಗ ಹೇಳಿದ್ದ ಹೇಳಿದುವು.
ಗ್ರಾಫು ರೇಷ್ಮಿ ಎಳಿ. ಮಾಲಕರು ಖುಷಿ.
ಐವತ್ತನೇ ದಿನಕ್ಕ ಬಾಗಲ ಬಾಜೂದ ಒಂದನೇ ಕಂಬ ಸತ್ತಿತು.
ಎಲ್ಲಾರ ಮಾತೂ ಅದರ ಹೆಗಲ ಮ್ಯಾಲೇ ದಾಟಬೇಕಲ್ಲ,
ಕೇಳವರ ಸನೇಕ ಇದ್ದದ್ದ ಮೊದಲು ಸವೀತು.
ಒಳಗಿನ ಇಪ್ಪತ್ಮೂರೂ ಜೀವಂತ,
ಕತ್ತಲದಾಗ ಯಾರಿಗೋ ಒದರಕೋಂತ.

ಆ ರಾತ್ರಿ ಕಾವಲಿ ದಾವಲಸಾಬರು ಬಶಿಗೆ ಚಾ ಸುರುವಿ
ತಮ್ಮ ರಿಜಿಸ್ಟರು ನನ್ನ ಕಡೆ ಸರಿಸಿದರು.
ತಾಸಿಗೊಂದು ಸಾಲು. ಹತ್ತಕ್ಕ: ೪.೨.
ಹನ್ನೊಂದಕ್ಕ: ಮೇಲಿನಂತೆ.
ಹನ್ನೆರಡರಿಂದ ಬರೇ ಎರಡು ಗೀಟು.
"ಹೊಸಾದಿಲ್ದ ಬಾಯಿ ಯಾಕ ತೆಗೀಬೇಕವ್ವಾ?"

ಅದನ್ನ ಕೋಡಿನಾಗ ಬರದೆ:
ಅರ್ಧ ಡಿಗ್ರಿ ಅಲುಗಿದ್ರ ಹೇಳು, ಇಲ್ಲಾಂದ್ರ ಮಲಗು.

ಮಲಗಿದುವು ನೋಡ್ರಿ, ಕೂಸಿನ ನಿದ್ದಿ.
ಯುಗಾದಿಗೆ ಹಾಕಿದ ಸೆಲ್ಲು ದಸರಾಕ್ಕೂ ಗಟ್ಟಿ.
ಹುಬ್ಬಳ್ಳಿ ಆಫೀಸಿನಾಗ ನನಗ ಚಪ್ಪಾಳಿ, ಒಂದು ಶಾಲು.

ಆಮ್ಯಾಲೆ ಗಂಗವ್ವ ಹದಿನೇಳನೇ ಕಂಬದ ಬುಡದ ಚೀಲ ಎಳದಳು.
ತಳ ಹಸಿ. ಬಿಚ್ಚಿದ್ರ ಬಿಳೇ ಬೂಷ್ಟು,
ಕೆಂಪೆಲ್ಲಾ ಒಣಗಿದ ನೆತ್ತರದ ಬಣ್ಣ.
ಮಿಣುಕು ತೆಗದೆ. ಸೆಲ್ಲು ಸೋರಿ, ಹಸರ ಕಿಲುಬು.
ನಾಕು ತಿಂಗಳಿಂದ ಸುಮ್ಮನಿತ್ತು,
ನಾ ಅದನ್ನ ಸುಖ ಅಂತ ಬರಕೊಂಡಿದ್ದೆ.
ಏನೂ ಆಗಿಲ್ಲ ಅನ್ನೋ ಮೌನಕ್ಕೂ
ನಾನೇ ಇಲ್ಲ ಅನ್ನೋ ಮೌನಕ್ಕೂ
ಪರದೇ ಮ್ಯಾಲ ಒಂದೇ ಬಿಳುಪು.

ಸಿಟ್ಟಿಗೆ ರಿಜಿಸ್ಟರು ತೆರದೆ.
ರಾತ್ರಿ ಹತ್ತರಿಂದ ಮುಂಜಾನಿ ಆರರ ತನಕ
ಗೀಟು ಎಲ್ಲಾ ಒಂದೇ ಉಸರಿನವು, ಒಂದೇ ಶಾಯಿ.
ದಾವಲಸಾಬರು ನೆಲಾ ನೋಡಿದರು.
"ಮೊಣಕಾಲು ಮೂರನೇ ಅಂತಸ್ತು ಒಲ್ಲೆ ಅಂತಾವ."
ನಾ ಮಾಲಕರಿಗೆ ಹೇಳಲಿಲ್ಲ.
ನನ್ನ ಶಾಲಿನ ಸುದ್ದಿ ಅವರಿಗೆ ಹೇಳಲಿಲ್ಲ.

ಈಗ ಆರು ತಾಸಿಗೊಮ್ಮೆ ಇಪ್ಪತ್ನಾಲ್ಕೂ ಒಂದೊಂದು ಮಾತು ಕಳಸತಾವ:
ಅದೀನಿ.
ಡಿಗ್ರಿ ಇಲ್ಲ, ತೇವ ಇಲ್ಲ. ಅದೀನಿ, ಅಷ್ಟ.
ಅದಕ್ಕೂ ಹನ್ನೊಂದು ದಿನದ ಆಯುಷ್ಯ ಕೊಡಬೇಕು,
ಲೆಕ್ಕಾ ಹಾಕೇನಿ.
ನಾಕು ತಾಸಿಗೊಮ್ಮೆ ಮಾಡ್ರಿ ಅಂತಾರ ಮಾಲಕರು,
ಎಂಟು ಸಾಕು ಅಂತೈತಿ ಸೆಲ್ಲಿನ ಬಿಲ್ಲು.
ಸರಿ ಉತ್ತರ ನನ್ನ ಹತ್ರಾನೂ ಇಲ್ಲ.

ನಸಕಿನ ಮೂರಕ್ಕ ನನ್ನ ಫೋನು ಒಂದ ಸಲ ಬಡಕೋತೈತಿ, ನಿಲ್ಲತೈತಿ.
ದಾವಲಸಾಬರ ಮಿಸ್ಡ್ ಕಾಲು,
ಕೆಳಗಿನ ಅಂತಸ್ತಿನಿಂದ.
ನಾ ಎತ್ತೂದಿಲ್ಲ.
ಎತ್ತಿದ್ರ ಖರ್ಚು.